ಖೋ ಖೋಗೆ ಮುಂಚೆ ಒಂದು ಹುರಿಹಿಟ್ಟಿನ ಉಂಡೆ

ಮೈಸೂರು
ಜುಲೈ 14, 2025, ಸೋಮವಾರ

ಇವತ್ತು ಮೈದಾನದ ಹತ್ತಿರ ಇನ್ನೊಂದು ಮಗುವಿನ ತಾಯಿ ಕೇಳಿದರು, "ಅಕ್ಕ, ಪ್ರಾಕ್ಟೀಸ್‌ಗೆ ಮುಂಚೆ ನಿಮ್ಮ ಮಗಳಿಗೆ ಏನು ತಿನ್ನಿಸ್ತೀರಿ? ನನ್ನ ಮಗ ದಿನಾ ಪಫ್ಸ್ ತಿಂದು ಬಂದು ಹೊಟ್ಟೆ ಹಿಡ್ಕೊಂಡು ಕೂತ್ಕೋತಾನೆ." ನಿಂತಲ್ಲೇ ಹೇಳಿದೆ. ಆದರೂ ಪೂರ್ತಿ ಹೇಳಿದ ಹಾಗಾಗಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತಲ್ಲ, ಗೆದ್ದ ಮಹಿಳಾ ತಂಡದಲ್ಲಿ ನಮ್ಮ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಮಗಳಿಗೆ ಆಗ ಹಿಡಿದ ಹುಚ್ಚು ಇನ್ನೂ ಇಳಿದಿಲ್ಲ. ನನಗೂ ಖುಷಿಯೇ.

ಸ್ಕೂಲ್ ಬಿಡುವುದು 3.30ಕ್ಕೆ, ಆಟ ಶುರುವಾಗುವುದು 4.30ಕ್ಕೆ. ಮಧ್ಯಾಹ್ನದ ಊಟ ಅಷ್ಟು ಹೊತ್ತಿಗೆ ಕರಗಿ ಹೋಗಿರುತ್ತದೆ. ಖಾಲಿ ಹೊಟ್ಟೆಯಲ್ಲಿ ಓಡಲು ಆಗಲ್ಲ, ತುಂಬಿದ ಹೊಟ್ಟೆಯಲ್ಲಂತೂ ಇನ್ನೂ ಕಷ್ಟ. ಅದರಲ್ಲೂ ಖೋ ಖೋದಲ್ಲಿ ಅಟ್ಟಿಸುವ ತಂಡದ 9 ಜನರಲ್ಲಿ 8 ಮಂದಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಹೊಟ್ಟೆ ತೊಡೆಗೆ ಒತ್ತಿಕೊಂಡಿರುತ್ತದೆ. ಬೆನ್ನಿಗೆ 'ಖೋ' ಬಿದ್ದ ತಕ್ಷಣ ಎದ್ದು ಓಡಬೇಕು. ಒಳಗೆ ಬೋಂಡಾ, ಪಫ್ಸ್ ಕೂತಿದ್ದರೆ ಹುಳಿತೇಗು ಬರದೆ ಇರುತ್ತದಾ? ಎಣ್ಣೆ ಜಾಸ್ತಿ ಇರುವ ತಿಂಡಿ ಹೊಟ್ಟೆಯಿಂದ ಬೇಗ ಇಳಿಯುವುದಿಲ್ಲ.

ಒಂದು ಗಂಟೆ ಟೈಮ್ ಇದ್ದರೆ ನನ್ನ ಮೊದಲ ಆಯ್ಕೆ ರಾಗಿ ಹುರಿಹಿಟ್ಟಿನ ಉಂಡೆ. ಅಮ್ಮ ಊರಿಂದ ಹುರಿಹಿಟ್ಟು ಕಳಿಸುತ್ತಾರೆ. ನೆನೆಸಿ, ನೆರಳಲ್ಲಿ ಆರಿಸಿದ ರಾಗಿಯನ್ನು ಕಾದ ಬಾಣಲೆಯಲ್ಲಿ ಚಟಪಟ ಅಂತ ಅರಳಿಸಿ ಬೀಸಿದ ಹಿಟ್ಟು. ರಾಗಿ ಆಗಲೇ ಅರಳಿರುವುದರಿಂದ ಮತ್ತೆ ಬೇಯಿಸುವ ಕೆಲಸವಿಲ್ಲ. ಬೆಳಿಗ್ಗೆ ಬೆಲ್ಲದ ಪುಡಿ, ಚಿಟಿಕೆ ಏಲಕ್ಕಿ ಹಾಕಿ, ಬಿಸಿ ಹಾಲು ಚಿಮುಕಿಸುತ್ತಾ ಕಲಸುತ್ತೇನೆ. ಮುಷ್ಟಿಯಲ್ಲಿ ಹಿಡಿದರೆ ನಿಲ್ಲಬೇಕು, ಬೆರಳಿಗೆ ಅಂಟಬಾರದು. ಚಿಕ್ಕ ನಿಂಬೆಹಣ್ಣಿನ ಗಾತ್ರದ ಎರಡು ಉಂಡೆ ಸಾಕು. ಹಾಲು ಹಾಕಿದ್ದರಿಂದ ಬೇಸಿಗೆಯಲ್ಲಿ ಕೆಡುವ ಭಯ. ಆಗ ಬಿಸಿ ನೀರಲ್ಲೇ ಕಲಸುತ್ತೇನೆ. ಬೆಳೆಯುವ ಮೂಳೆಗೆ ರಾಗಿಯ ಕ್ಯಾಲ್ಸಿಯಂ ಬೇರೆ ಸಿಗುತ್ತದೆ, 100 ಗ್ರಾಂನಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ.

ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಅರ್ಧ ಗಂಟೆಯೂ ಉಳಿಯದ ದಿನ ಏಲಕ್ಕಿ ಬಾಳೆಹಣ್ಣು, ಅಷ್ಟೇ. ಸ್ಕೂಟರ್ ಹಿಂದೆ ಕೂತೇ ಸುಲಿದು ತಿನ್ನಬಹುದು. "ಇವತ್ತೂ ಬಾಳೆಹಣ್ಣಾ ಅಮ್ಮಾ?" ಅಂದರೆ ಎರಡು ಖರ್ಜೂರ.

ಕಡಲೆಕಾಳು ಉಸಲಿ, ಮೊಳಕೆ ಹೆಸರುಕಾಳು ಒಳ್ಳೆಯವೇ, ಆದರೆ ಓಡುವ ಮುಂಚೆ ಬೇಡ. ಗ್ಯಾಸ್ ಆಗುತ್ತದೆ. ಅವನ್ನು ಆಟ ಮುಗಿದ ಮೇಲೆ ಕೊಡುತ್ತೇನೆ. ಕಡಲೆಕಾಯಿ ಚಿಕ್ಕಿಯೂ ಆಮೇಲೆಯೇ. ಮತ್ತೊಂದು, ಚಿಕ್ಕಿಯನ್ನು ಬೇರೆ ಮಕ್ಕಳಿಗೆ ಹಂಚುವ ಮುಂಚೆ ದಯವಿಟ್ಟು ಅವರ ಮನೆಯವರನ್ನು ಕೇಳಿ. ಕೆಲವು ಮಕ್ಕಳಿಗೆ ಕಡಲೆಕಾಯಿ ಅಲರ್ಜಿ ಇರುತ್ತದೆ, ಅದು ಸಣ್ಣ ವಿಷಯ ಅಲ್ಲ.

ಬಣ್ಣದ ಎನರ್ಜಿ ಡ್ರಿಂಕ್ ಬಾಟಲಿ ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಕೆಫೀನ್, ಸಕ್ಕರೆ ತುಂಬಿದ್ದನ್ನು ಹತ್ತು ವರ್ಷದ ಮಕ್ಕಳ ಕೈಗೆ ಯಾಕೆ ಕೊಡಬೇಕು? ಒಂದು ಗಂಟೆಯ ಆಟಕ್ಕೆ ನೀರು ಸಾಕು. ಬಿಸಿಲು ಜಾಸ್ತಿ ಇದ್ದರೆ ಉಪ್ಪು ಹಾಕಿದ ನೀರುಮಜ್ಜಿಗೆ, ಆಟ ಮುಗಿದ ಮೇಲೆ.

ಆ ತಾಯಿಗೆ ನಾಳೆ ಒಂದು ಡಬ್ಬಿ ಹುರಿಹಿಟ್ಟು ತಂದುಕೊಡುತ್ತೇನೆ ಅಂದಿದ್ದೇನೆ. ಮನೆಯಲ್ಲಿ ಇರುವುದು ಅರ್ಧ ಡಬ್ಬಿ ಮಾತ್ರ. ಈಗಲೇ ಅಮ್ಮನಿಗೆ ಫೋನ್ ಮಾಡಬೇಕು.