ಎರ್ದೋಶ್ ತಲೆ ಮೇಲಿನ ಎರಡು ಗೀಟು

ಪೇಪರ್‌ಗೆ ರೆಫರೆನ್ಸ್ ಲಿಸ್ಟ್ ಕ್ಲೀನ್ ಮಾಡ್ತಾ ಕೂತಿದ್ದೆ, ನೋಡಿದ್ರೆ ಹಂಗೇರಿಯ ಗಣಿತಜ್ಞ ಎರ್ದೋಶ್ ಒಬ್ಬರೇ ಮೂರು ಜನ ಆಗ್ಬಿಟ್ಟಿದಾರೆ. ರೋಮನ್ ಲಿಪಿಯಲ್ಲಿ ಬರೆದ ಹೆಸರಿನ (Erdős) ಓ ಮೇಲೆ ಒಂದು ಕಡೆ ಎರಡು ಚುಕ್ಕೆ, ಇನ್ನೊಂದು ಕಡೆ ಹಾವಿನ ತರ ಡೊಂಕು ಗೆರೆ, ಮೂರನೇದ್ರಲ್ಲಿ ಬರೀ ಬೋಳು ಓ. ಮೂರೂ ತಪ್ಪು! ಅಲ್ಲಿರಬೇಕಾದ್ದು ಎರಡು ಓರೆ ಗೀಟು.

ಅಷ್ಟಕ್ಕೆಲ್ಲಾ ತಲೆ ಕೆಡಿಸ್ಕೋಬೇಕಾ ಅಂದ್ರೆ, ಹಂಗೇರಿಯನ್‌ನಲ್ಲಿ ಚುಕ್ಕೆ ಇದ್ರೆ ಹ್ರಸ್ವ ಗೀಟಿದ್ರೆ ದೀರ್ಘ, ಹೆಚ್ಚುಕಮ್ಮಿ ನಮ್ಮ ಒ ಓ ಇದ್ದ ಹಾಗೆ, ಬೇರೆ ಬೇರೆ ಅಕ್ಷರಾನೇ.

ಚುಕ್ಕೆ ಹೇಗೆ ಬಂತು ಅನ್ನೋದು ಬಿಡಿ, ಜರ್ಮನ್‌ನಿಂದ ಎಲ್ಲರಿಗೂ ಅದೇ ರೂಢಿ, ಪೇಪರ್ ಟೈಪ್‌ಸೆಟ್ ಮಾಡೋ ಸಾಫ್ಟ್‌ವೇರ್ ಲೇಟೆಕ್‌ನಲ್ಲೂ ಬ್ಯಾಕ್‌ಸ್ಲ್ಯಾಶ್ ಆದ್ಮೇಲೆ ಡಬಲ್ ಕೋಟ್ ಹೊಡೆದು ಮುಗಿಸ್ತಾರೆ, ಗೀಟಿಗೆ ದೊಡ್ಡ ಎಚ್ ಹಾಕ್ಬೇಕು ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಆದ್ರೆ ಆ ಡೊಂಕು ಗೆರೆ? ಅದು ಪೋರ್ಚುಗೀಸ್, ಎಸ್ಟೋನಿಯನ್ನವರ ಅಕ್ಷರ, ಯಾರೂ ಬೇಕಂತ ಟೈಪ್ ಮಾಡಿರಲ್ಲ. ಹಳೇ ಎನ್‌ಕೋಡಿಂಗ್ ಕಥೆ ಅದು, ಅಂದ್ರೆ ಕಂಪ್ಯೂಟರ್ ಪ್ರತಿ ಅಕ್ಷರಕ್ಕೂ ಒಂದೊಂದು ನಂಬರ್ ಕೊಡೋ ಟೇಬಲ್‌ಗಳದ್ದು. ಪೂರ್ವ ಯುರೋಪಿನ ಲ್ಯಾಟಿನ್-2 ಟೇಬಲ್‌ನಲ್ಲಿ 245ನೇ ಜಾಗದಲ್ಲಿ ಗೀಟಿನ ಓ ಇದೆ, ಪಶ್ಚಿಮದ ಲ್ಯಾಟಿನ್-1ರಲ್ಲಿ ಅದೇ 245ರಲ್ಲಿ ಡೊಂಕು ಗೆರೆಯ ಓ. ಫೈಲ್ ಒಂದರಲ್ಲಿ ಸೇವ್ ಮಾಡಿ ಇನ್ನೊಂದರಲ್ಲಿ ಓದಿದ್ರೆ ಮುಗೀತು. ಗೀಟಿನ ಯು ಕೂಡ 251ರಲ್ಲಿ ಹಿಂಗೇ ಟೋಪಿ ಹಾಕ್ಕೊಂಡು ಬರುತ್ತೆ.

ಇನಿಷಿಯಲ್ ಗೋಳು ಇನ್ನೊಂದು. ಝೋಲ್ಟ್ ಅನ್ನೋ ಹೆಸರು ಶುರುವಾಗೋದು ಝೆಡ್-ಎಸ್ ಜೋಡಿಯಿಂದ, ಅವರಿಗೆ ಅದು ಒಂದೇ ಅಕ್ಷರ, ಡೇಟಾಬೇಸ್ ಎಸ್ ಕತ್ತರಿಸಿ ಬರೀ ಝೆಡ್ ಉಳಿಸುತ್ತೆ, ಆಗ ಜೋಲ್ಟಾನ್ ಕೂಡ ಝೆಡ್, ಸರ್‌ನೇಮ್ ಒಂದೇ ಆಗಿದ್ರೆ ಇಬ್ಬರ ಪೇಪರೂ ಒಬ್ಬರ ಲೆಕ್ಕಕ್ಕೆ. ಸಾಲದ್ದಕ್ಕೆ ಅಲ್ಲಿ ಮನೆತನದ ಹೆಸರೇ ಮೊದಲು, ಊರಲ್ಲಿ ಅವರು ಎರ್ದೋಶ್ ಪಾಲ್, ಹೊರಗೆ ಪಾಲ್ ಎರ್ದೋಶ್. 2021ರಲ್ಲಿ ಗಣಿತದ ಆಬೆಲ್ ಪ್ರಶಸ್ತಿ ಹಂಚ್ಕೊಂಡ ಲೋವಾಸ್ ಲಾಸ್ಲೋ ಅವರ ಹೆಸರಲ್ಲಿ ಯಾವುದು ಮನೆತನದ್ದು ಅಂತ ನಂಗೇ ಎರಡು ಸಲ ಕನ್ಫ್ಯೂಸ್ ಆಗಿತ್ತು, ಇನ್ನು ಸಾಫ್ಟ್‌ವೇರನ್ನ ಏನಂತ ಬೈಯೋದು.

ಎರ್ದೋಶ್ ಬರೆದಿದ್ದು ಸುಮಾರು 1500 ಪೇಪರ್, ನನ್ನ ಲಿಸ್ಟಲ್ಲಿ ಇದ್ದಿದ್ದು ಏಳೇ, ಹಾಗಾಗಿ ಕೂತು ಕೈಯಲ್ಲೇ ಸರಿ ಮಾಡ್ದೆ. ಖುಷಿಯಾಗಿ ಸ್ಪ್ರೆಡ್‌ಶೀಟ್‌ಗೆ ಎಕ್ಸ್‌ಪೋರ್ಟ್ ಮಾಡಿ ತೆಗೆದ್ರೆ ಓ ಇದ್ದ ಜಾಗದಲ್ಲೆಲ್ಲಾ ಪ್ರಶ್ನೆ ಚಿಹ್ನೆ. ನಾಲ್ಕನೇ ಎರ್ದೋಶ್ ಹುಟ್ಟಿದ್ರು.