ಮಾರ್ಕ್ಸ್ ಇರಲಿ, ಬಾಯಿ ಎಷ್ಟು ತೆರೆಯಿತು ಹೇಳಿ

ಎಂ.ಎಸ್ಸಿ. ನರ್ಸಿಂಗ್ ಹುಡುಗಿಯರು ಥೀಸಿಸ್ ಟಾಪಿಕ್ ಹಿಡಿದು ಬರುವ ಕಾಲ. ‘ಕ್ಯಾನ್ಸರ್ ಪೇಷೆಂಟ್‌ಗಳ ಮೇಲೆ ಮಾಡ್ತೀವಿ ಮೇಡಂ’ ಅನ್ನುತ್ತಾರೆ. ಖುಷಿಯೇ. ಹಾಳೆ ತಿರುಗಿಸಿದರೆ ಮಾತ್ರ ಅದೇ ಹಳೇ ತಲೆಬರಹ: ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಮಿನ ಪರಿಣಾಮ. ಪ್ರೀ ಟೆಸ್ಟ್, ಚಾರ್ಟ್ ತೋರಿಸಿ ಒಂದು ಪಾಠ, ವಾರ ಬಿಟ್ಟು ಪೋಸ್ಟ್ ಟೆಸ್ಟ್. ಮಾರ್ಕ್ಸ್ ಜಾಸ್ತಿಯಾಗಿರುತ್ತದೆ. ಆಗದೆ ಇರುತ್ತದಾ? ಹೇಳಿಕೊಟ್ಟು ಅದನ್ನೇ ಕೇಳಿದರೆ ಯಾರಾದರೂ ಹೇಳುತ್ತಾರೆ. ಪಿ ವ್ಯಾಲ್ಯೂ 0.05ಕ್ಕಿಂತ ಕಡಿಮೆ, ಅಂದರೆ ಈ ವ್ಯತ್ಯಾಸ ಬರೀ ಆಕಸ್ಮಿಕ ಅನ್ನುವಂತಿಲ್ಲ, ಅಂತ ಬರೆದು ಬೈಂಡ್ ಮಾಡಿಸಿದರೆ ಮುಗಿಯಿತು.

ನಮ್ಮ ಕೋಲಾರದ ಕಡೆ ಕ್ಯಾನ್ಸರ್ ಅಂದರೆ ನನಗೆ ಮೊದಲು ನೆನಪಾಗುವುದು ಬಾಯಿ. ಮುಳಬಾಗಿಲು, ಶ್ರೀನಿವಾಸಪುರದಿಂದ ಬರುವವರಲ್ಲಿ ಹೆಂಗಸರೇ ಎಷ್ಟೋ ಮಂದಿ. ಎಲೆ, ಅಡಿಕೆ, ಸುಣ್ಣ, ಕಡ್ಡಿಪುಡಿ. ಹಗಲು ಜಗಿಯುವುದಲ್ಲದೆ ರಾತ್ರಿ ಒಂದು ಉಂಡೆ ಕೆನ್ನೆಯೊಳಗೆ ಇಟ್ಟುಕೊಂಡೇ ಮಲಗುವುದುಂಟು. ಹುಣ್ಣು ಏಳುವುದೂ ಅದೇ ಕೆನ್ನೆಯ ಒಳಗೆ. ಆಪರೇಷನ್ ಆದಮೇಲೆ ಎಷ್ಟೋ ಜನಕ್ಕೆ ರೇಡಿಯೇಷನ್, ನಮ್ಮ ಜನ ‘ಕರೆಂಟ್ ಕೊಡೋದು’ ಅನ್ನುತ್ತಾರಲ್ಲ, ಅದು. ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಆರೇಳು ವಾರ.

ಎರಡನೇ ಮೂರನೇ ವಾರದ ಹೊತ್ತಿಗೆ ಬಾಯೆಲ್ಲ ಹುಣ್ಣು. ಮುದ್ದೆ ನುಂಗಿ ಬೆಳೆದವರಿಗೆ ರಾಗಿ ಗಂಜಿಯೂ ಇಳಿಯುವುದಿಲ್ಲ. ಉಪ್ಪು, ಅಡುಗೆ ಸೋಡಾ ಕದಡಿದ ನೀರಿನಲ್ಲಿ ಮುಕ್ಕಳಿಸಿ, ಖಾರ ಹುಳಿ ಬಿಡಿ, ಅಂತ ಹೇಳುತ್ತೇವೆ. ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಹುಣ್ಣು ಮಾಯುತ್ತದೆ. ದವಡೆ ಹಾಗಲ್ಲ. ಜಗಿಯುವ ಸ್ನಾಯುಗಳು ಬಿಗಿಯುತ್ತಾ ಹೋಗುತ್ತವೆ, ಅದೂ ನಿಧಾನವಾಗಿ, ಆಸ್ಪತ್ರೆಗೆ ಬರುವುದು ಕಡಿಮೆಯಾದ ಮೇಲೆ. ಮೇಲಿನ ಹಲ್ಲು ಕೆಳಗಿನ ಹಲ್ಲಿನ ನಡುವೆ 35 ಮಿಲಿಮೀಟರ್‌ಗಿಂತ ಕಡಿಮೆ ತೆರೆದರೆ ಟ್ರಿಸ್ಮಸ್ ಎನ್ನುತ್ತೇವೆ. ಸ್ಕೇಲ್ ಇಲ್ಲದಿದ್ದರೆ ಅವರದೇ ಮೂರು ಬೆರಳು ಒಂದರ ಮೇಲೊಂದು ಹಿಡಿಸಿ ನೋಡಬಹುದು.

ಇದಕ್ಕೆ ವ್ಯಾಯಾಮ ಇದೆ. ಐಸ್‌ಕ್ರೀಂ ಕಡ್ಡಿಗಳನ್ನು ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಂಡು ಕೂರುವುದು, ಅಭ್ಯಾಸವಾದಂತೆ ಇನ್ನೊಂದು ಕಡ್ಡಿ ಸೇರಿಸುವುದು. ಕರೆಂಟ್ ಶುರುವಾಗುವ ಮುಂಚೆಯೇ ಕಲಿಸಬೇಕು, ಮುಗಿದ ಮೇಲೂ ತಿಂಗಳುಗಟ್ಟಲೆ ಮಾಡಿಸಬೇಕು. ಪೂರ್ತಿ ನರ್ಸ್ ಕೈಯಲ್ಲಿ ಆಗುವ ಕೆಲಸ.

ಮುಳಬಾಗಿಲು ಕಡೆಯ ಒಬ್ಬ ಅಮ್ಮ ಪೋಸ್ಟ್ ಟೆಸ್ಟಿನಲ್ಲಿ ಎಲ್ಲಾ ಪ್ರಶ್ನೆಗೂ ಸರಿ ಉತ್ತರ ಕೊಟ್ಟಿದ್ದರು. ಬಾಯಿಗೆ ಎರಡು ಬೆರಳೂ ಸರಿಯಾಗಿ ಹೋಗುತ್ತಿರಲಿಲ್ಲ. ಕಡ್ಡಿ ಇಡ್ತಿದೀರಾ ಅಂತ ಕೇಳಿದೆ. ‘ಎಲ್ರ ಮುಂದೆ ಬಾಯಿಗೆ ಕಡ್ಡಿ ಸಿಗಿಸ್ಕೊಂಡು ಕೂತ್ರೆ ಮಕ್ಳು ನಗ್ತವೆ ಸಿಸ್ಟರ್, ಸೊಸೆ ಮುಂದೆ ನಾಚ್ಕೆ’ ಅಂದರು. ಟೊಮೆಟೊ ತೋಟಕ್ಕೆ ಎಲ್ಲರೂ ಹೋದಮೇಲೆ ಮಾಡಿ ಅಂದೆ. ಒಪ್ಪಿದರು. ಈ ನಾಚಿಕೆಗೆ ನಮ್ಮ ಪ್ರಶ್ನಾವಳಿಯಲ್ಲಿ ಕಾಲಂ ಇಲ್ಲ.

ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನಲ್ಲಿ ನಡೆದ ಒಂದು ಅಧ್ಯಯನವನ್ನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಕ್ಯಾನ್ಸರ್ ಹರಡಿದ್ದ 766 ಜನ. ಒಂದು ಗುಂಪಿಗೆ ಮಾಮೂಲಿ ಆರೈಕೆ. ಇನ್ನೊಂದು ಗುಂಪು ನೋವು, ವಾಂತಿ, ಸುಸ್ತು ಇಂಥ 12 ತೊಂದರೆಗಳನ್ನು ಕಂಪ್ಯೂಟರಿನಲ್ಲಿ ತಾವೇ ಗುರುತು ಮಾಡುತ್ತಿದ್ದರು. ಯಾವುದಾದರೂ ಹೆಚ್ಚಾದರೆ ನರ್ಸ್‌ಗೆ ಇಮೇಲ್ ಹೋಗುತ್ತಿತ್ತು. ನರ್ಸ್ ಫೋನ್ ಮಾಡಿ ವಿಚಾರಿಸುವುದು, ಮಾತ್ರೆ ಬದಲಾಯಿಸಲು ಡಾಕ್ಟರಿಗೆ ಹೇಳುವುದು, ಇಷ್ಟೇ. 2017ರಲ್ಲಿ ಫಲಿತಾಂಶ ಬಂತು: ಮಾಮೂಲಿ ಗುಂಪಿನವರು ಬದುಕಿದ ಅವಧಿಯ ಮಧ್ಯಾಂಕ (ಅರ್ಧ ಜನ ಇದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ) 26 ತಿಂಗಳು, ಈ ಗುಂಪಿನದು 31.2. ಹೊಸ ಔಷಧಿ ಕೊಟ್ಟಿರಲಿಲ್ಲ. ಇದು ಗೊತ್ತಿದ್ದೂ ನಾವು ಸುಮ್ನೆ ಮಾರ್ಕ್ಸ್ ಎಣಿಸುತ್ತಾ ಕೂರುವುದು ನನಗಂತೂ ಸರಿ ಕಾಣುವುದಿಲ್ಲ.

ಈ ಸಲ ಒಬ್ಬಳು ಈ ದವಡೆ ವ್ಯಾಯಾಮದ ಮೇಲೇ ಥೀಸಿಸ್ ಮಾಡಲು ಒಪ್ಪಿದ್ದಾಳೆ. ಟೆಸ್ಟ್ ಪೇಪರ್ ಇಲ್ಲ. ಬಾಯಿ ಎಷ್ಟು ತೆರೆಯಿತು ಅನ್ನುವ ಮಿಲಿಮೀಟರ್ ಅಳತೆ, ವಾರಕ್ಕೊಂದು ಫೋನು. ಸ್ಯಾಂಪಲ್, ಅಂದರೆ ಪೇಷೆಂಟ್‌ಗಳ ಸಂಖ್ಯೆ, ಸಾಲದು ಅಂತ ಸ್ಟಾಟಿಸ್ಟಿಕ್ಸಿನವರು ಗೊಣಗುತ್ತಿದ್ದಾರೆ, ಗೊಣಗಲಿ. ನಿಜವಾದ ತಲೆನೋವು ಫೋನಿನದು. ಎಷ್ಟೋ ಮನೆಗಳಲ್ಲಿ ಅಮ್ಮನ ಹತ್ತಿರ ಫೋನಿಲ್ಲ, ಮಗನ ಜೇಬಿನಲ್ಲಿದೆ. ಮಗ ನರಸಾಪುರದ ಫ್ಯಾಕ್ಟರಿಯಲ್ಲಿ. ಅದಕ್ಕೇ ಕರೆ ಮಾಡುವ ಸಮಯ ರಾತ್ರಿ ಎಂಟರ ಮೇಲೆ ಅಂತ ಪ್ರಪೋಸಲ್‌ನಲ್ಲೇ ಬರೆಸಿದ್ದೇನೆ. ಆ ಹೊತ್ತಲ್ಲಿ ಹುಡುಗಿ ಫೋನಿನಲ್ಲಿದ್ದರೆ ಬೈಯಬೇಡಿ ಅಂತ ಹಾಸ್ಟೆಲ್ ವಾರ್ಡನ್‌ಗೆ ಹೇಳಿಡಬೇಕು.