ಬಹಿಷ್ಕಾರದ ಚರ್ಚೆ ಜರ್ನಲ್‌ನಲ್ಲಿ ಯಾಕೆ?

ಮೊನ್ನೆ ಧಾರವಾಡದಲ್ಲಿ ಒಂದು ಮದುವೆಯ ಊಟಕ್ಕೆ ಕೂತಿದ್ದಾಗ ಪಕ್ಕದ ಎಲೆಯ ಭೌತಶಾಸ್ತ್ರದ ಮೇಷ್ಟ್ರು ಕೇಳಿದರು: “ಮೇಡಂ, ಬಹಿಷ್ಕಾರ ಬೇಕೋ ಬ್ಯಾಡೋ ಅನ್ನೂದು ರಾಜಕೀಯದ ಮಾತ್ರಿ. ಅದಕ್ಕ ಪೇಪರ್ ಅದಾವ, ಟಿವಿ ಅದ. ನಿಮ್ಮ ಜರ್ನಲ್ಲಿನ್ಯಾಗ ಯಾಕ ಜಾಗಾ ಕೊಡ್ತೀರಿ?”

ಒಂದು ಸಣ್ಣ ಸಮಾಜವಿಜ್ಞಾನ ಜರ್ನಲ್‌ನ ಸಂಪಾದಕ ಮಂಡಳಿಯಲ್ಲಿ ಹದಿನೈದು ವರ್ಷಗಳಿಂದ ಇದ್ದೇನೆ. ಈ ಪ್ರಶ್ನೆ ಆಗಾಗ ಬರುತ್ತದೆ. ಪಿಎಚ್‌ಡಿ ಮಾಡುವ ಹುಡುಗರು ಕೇಳುತ್ತಾರೆ, ನಿವೃತ್ತರಾದ ಸ್ನೇಹಿತರು ಕೇಳುತ್ತಾರೆ. ಪಾಯಸ ಬಡಿಸುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ನನ್ನ ಬಳಿ ಇರಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಶೈಕ್ಷಣಿಕ ಬಹಿಷ್ಕಾರ, ಅಂದರೆ ಒಂದು ದೇಶದ ವಿಶ್ವವಿದ್ಯಾಲಯಗಳು ಮತ್ತು ವಿದ್ವಾಂಸರೊಂದಿಗೆ ವ್ಯವಹಾರ ನಿಲ್ಲಿಸುವುದು, ಎಲ್ಲಿ ನಡೆಯುತ್ತದೆ ಎಂದು ಮೊದಲು ನೋಡೋಣ. ಯಾರ ಪ್ರಬಂಧ ತೆಗೆದುಕೊಳ್ಳಬೇಕು, ಯಾರನ್ನು ಮಂಡಳಿಯಲ್ಲಿ ಇಟ್ಟುಕೊಳ್ಳಬೇಕು, ಯಾರಿಗೆ ವಿಮರ್ಶೆಗೆ ಕಳಿಸಬೇಕು, ಈ ನಿರ್ಧಾರಗಳೆಲ್ಲ ಆಗುವುದು ಜರ್ನಲ್‌ಗಳಲ್ಲಿ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗ ಉಕ್ರೇನಿನ ಹಲವು ವಿಜ್ಞಾನಿಗಳು ಬಹಿಷ್ಕಾರಕ್ಕೆ ಕರೆ ಕೊಟ್ಟರು. ಎಲ್ಸೆವಿಯರ್ ಪ್ರಕಾಶನದ ‘ಜರ್ನಲ್ ಆಫ್ ಮಾಲಿಕ್ಯುಲರ್ ಸ್ಟ್ರಕ್ಚರ್’ ರಷ್ಯಾದ ಸಂಸ್ಥೆಗಳಲ್ಲಿ ಕೆಲಸ ಮಾಡುವವರ ಪ್ರಬಂಧಗಳನ್ನು ಪರಿಗಣಿಸುವುದಿಲ್ಲ ಎಂದು ತೀರ್ಮಾನಿಸಿತು. ‘ನೇಚರ್’ ದಾಳಿಯನ್ನು ಖಂಡಿಸಿತು, ಆದರೆ ಎಲ್ಲ ದೇಶದವರ ಪ್ರಬಂಧಗಳನ್ನೂ ನೋಡುತ್ತೇವೆ ಎಂದು ಕಾರಣಸಮೇತ ಸಂಪಾದಕೀಯ ಬರೆಯಿತು. ಎರಡೂ ರಾಜಕೀಯ ನಿರ್ಧಾರಗಳೇ. ಬಹಿಷ್ಕಾರವನ್ನು ಜಾರಿಗೆ ತರುವ ಜಾಗ ಜರ್ನಲ್ ಆಗಿರುವಾಗ, ಅದರ ಬಗ್ಗೆ ವಾದ ಮಾಡುವ ಜಾಗ ಮಾತ್ರ ಜರ್ನಲ್ ಆಗಬಾರದು ಎಂದರೆ ನನಗೆ ಒಪ್ಪಿಗೆಯಾಗುವುದಿಲ್ಲ.

ಮೇಷ್ಟ್ರಿಗೆ ಅವರದೇ ಶಾಸ್ತ್ರದ ನೆಂಟಸ್ತಿಕೆಯ ಒಂದು ಕತೆ ಹೇಳಬೇಕಿತ್ತು. 1916, ಮೊದಲ ಮಹಾಯುದ್ಧದ ನಡುಮಧ್ಯ. ಬ್ರಿಟನ್ನಿನ ‘ದಿ ಅಬ್ಸರ್ವೇಟರಿ’ ಎಂಬ ಖಗೋಳ ಪತ್ರಿಕೆಯಲ್ಲಿ ಆಕ್ಸ್‌ಫರ್ಡ್‌ನ ಪ್ರಾಧ್ಯಾಪಕ ಎಚ್. ಎಚ್. ಟರ್ನರ್, ಜರ್ಮನರನ್ನು ಇನ್ನು ಅಂತಾರಾಷ್ಟ್ರೀಯ ವಿಜ್ಞಾನದೊಳಗೆ ಸೇರಿಸಿಕೊಳ್ಳಲಾಗದು ಎಂಬರ್ಥದಲ್ಲಿ ಬರೆದರು. ಅವರ ಸಿಟ್ಟಿಗೆ ಕಾರಣವಿತ್ತು. ಬೆಲ್ಜಿಯಂನ ಲೂವೆನ್ ನಗರದಲ್ಲಿ ಜರ್ಮನ್ ಸೇನೆ ವಿಶ್ವವಿದ್ಯಾಲಯದ ಗ್ರಂಥಾಲಯವನ್ನೇ ಸುಟ್ಟಿತ್ತು. 1914ರ ಅಕ್ಟೋಬರಿನಲ್ಲಿ ಜರ್ಮನಿಯ 93 ಮಂದಿ ವಿದ್ವಾಂಸರು, ಕಲಾವಿದರು ತಮ್ಮ ಸೇನೆಯನ್ನು ಸಮರ್ಥಿಸಿ ಹೇಳಿಕೆಗೆ ಸಹಿ ಹಾಕಿದ್ದರು. ಭೌತವಿಜ್ಞಾನಿ ಮ್ಯಾಕ್ಸ್ ಪ್ಲಾಂಕ್ ಕೂಡ ಅವರಲ್ಲೊಬ್ಬರು. ವಿದ್ವಾಂಸರೇ ಸೇನೆಯ ಬೆನ್ನಿಗೆ ನಿಂತ ಮೇಲೆ ವಿದ್ವಾಂಸರನ್ನು ಬೇರೆ ಎಂದು ನೋಡುವುದು ಹೇಗೆ ಎಂಬುದು ಇಂದಿಗೂ ಹಳಸದ ಪ್ರಶ್ನೆ.

ಅದಕ್ಕೆ ಅದೇ ಪತ್ರಿಕೆಯಲ್ಲಿ, ಅದೇ ವರ್ಷ ಉತ್ತರ ಬರೆದವರು ಕೇಂಬ್ರಿಜ್‌ನ ಖಗೋಳಜ್ಞ ಆರ್ಥರ್ ಎಡಿಂಗ್ಟನ್. ಅವರು ಕ್ವೇಕರ್ ಪಂಥದವರು, ಯುದ್ಧವನ್ನೇ ಒಪ್ಪದವರು. ‘ಜರ್ಮನ್’ ಎಂಬ ಹಣೆಪಟ್ಟಿಯನ್ನು ಬಿಟ್ಟು ನಿಮ್ಮ ಹಳೆಯ ಗೆಳೆಯರಾದ ಒಬ್ಬ ಜರ್ಮನ್ ಪ್ರಾಧ್ಯಾಪಕರ ಮುಖವನ್ನು ನೆನೆಸಿಕೊಳ್ಳಿ, ಅವರನ್ನು ಕೊಲೆಗಡುಕ ಎಂದು ಕರೆಯಲು ನಿಮ್ಮಿಂದ ಆಗುತ್ತದೆಯೇ ಎಂಬುದು ಅವರ ವಾದದ ತಿರುಳು. ಯುದ್ಧಕಾಲದಲ್ಲಿ, ಓದುಗರ ಮನೆಗಳಿಗೆ ಸಾವಿನ ತಂತಿ ಬರುತ್ತಿದ್ದ ದಿನಗಳಲ್ಲಿ, ಒಂದು ಪತ್ರಿಕೆ ಇದನ್ನು ಅಚ್ಚು ಹಾಕಿತು ಎನ್ನುವುದನ್ನು ನೆನೆದರೆ ಇಂದಿಗೂ ನನಗೆ ಮೈ ಜುಮ್ಮೆನ್ನುತ್ತದೆ.

ಆ ಹೊತ್ತಿನಲ್ಲೇ ಬರ್ಲಿನ್ನಿನ ಐನ್‌ಸ್ಟೈನರ ಹೊಸ ಸಾಪೇಕ್ಷತಾ ಸಿದ್ಧಾಂತ ಇಂಗ್ಲೆಂಡಿಗೆ ತಲುಪಿದ್ದು ತಟಸ್ಥ ದೇಶವಾದ ಹಾಲೆಂಡಿನ ಖಗೋಳಜ್ಞ ವಿಲೆಮ್ ಡಿ ಸಿಟರ್ ಮೂಲಕ. ಅದರ ಬಗ್ಗೆ ಅವರು ಬರೆದ ಲೇಖನಗಳು 1916–17ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರಾನಾಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದವು. 1919ರ ಮೇ 29ರ ಗ್ರಹಣದಲ್ಲಿ ಎಡಿಂಗ್ಟನ್ ಪ್ರಿನ್ಸಿಪೆ ದ್ವೀಪಕ್ಕೆ ಹೋಗಿ, ಆ ಸಿದ್ಧಾಂತ ಹೇಳಿದಂತೆ ಸೂರ್ಯನ ಬಳಿ ನಕ್ಷತ್ರದ ಬೆಳಕು ಬಾಗುವುದನ್ನು ಅಳೆದರು. ಅದೇ 1919ರಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಸಂಶೋಧನಾ ಮಂಡಳಿ ಜರ್ಮನಿಯನ್ನೂ ಅದರ ಮಿತ್ರದೇಶಗಳನ್ನೂ ಹೊರಗಿಟ್ಟಿತು. ಆ ನಿಷೇಧ ತೆರವಾಗಲು 1926ರವರೆಗೆ ಕಾಯಬೇಕಾಯಿತು. ಗಣಿತದ ಮಹಾಸಮ್ಮೇಳನಗಳಿಂದ ಜರ್ಮನರನ್ನು ದೂರವಿಟ್ಟಾಗ ವಿರೋಧಿಸಿದವರಲ್ಲಿ ರಾಮಾನುಜನ್ನರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡಿದ್ದ ಗಣಿತಜ್ಞ ಹಾರ್ಡಿಯೂ ಒಬ್ಬರು. ಎಡಿಂಗ್ಟನ್ ಗೆದ್ದರು ಎಂದು ನಾನು ಹೇಳುತ್ತಿಲ್ಲ, ಆ ಹೊತ್ತಿಗೆ ಅವರು ಸೋತರು. ಆದರೆ ಎರಡೂ ಕಡೆಯ ಮಾತು ಅಚ್ಚಿನಲ್ಲಿ ಉಳಿಯಿತು. ನೂರು ವರ್ಷ ಕಳೆದರೂ ಟರ್ನರರ ನೋವನ್ನೂ ಎಡಿಂಗ್ಟನ್ನರ ಉತ್ತರವನ್ನೂ ಅಕ್ಕಪಕ್ಕ ಇಟ್ಟು ಓದಬಹುದು.

ಇದರ ಎದುರಿಗೆ 2002ರ ಒಂದು ಘಟನೆ ಇಡುತ್ತೇನೆ. ಆ ವರ್ಷದ ಏಪ್ರಿಲಿನಲ್ಲಿ ಇಸ್ರೇಲಿನ ಸಂಸ್ಥೆಗಳೊಂದಿಗಿನ ಸಂಬಂಧ ತಡೆಹಿಡಿಯಬೇಕೆಂಬ ಕರೆ ಬ್ರಿಟನ್ನಿನ ‘ಗಾರ್ಡಿಯನ್’ನಲ್ಲಿ ಬಹಿರಂಗ ಪತ್ರವಾಗಿ ಬಂದಿತ್ತು. ಮ್ಯಾಂಚೆಸ್ಟರ್‌ನ ಮೋನಾ ಬೇಕರ್ ತಾವು ನಡೆಸುತ್ತಿದ್ದ ಎರಡು ಅನುವಾದ ಅಧ್ಯಯನ ಪತ್ರಿಕೆಗಳ ಮಂಡಳಿಗಳಿಂದ ಗಿಡಿಯನ್ ಟೂರಿ ಮತ್ತು ಮಿರಿಯಂ ಶ್ಲೆಸಿಂಗರ್ ಅವರನ್ನು ತೆಗೆದುಹಾಕಿದರು. ಇಬ್ಬರೂ ಇಸ್ರೇಲಿ ವಿಶ್ವವಿದ್ಯಾಲಯದವರು. ತನ್ನ ವಿರೋಧ ಸಂಸ್ಥೆಗಳ ಬಗ್ಗೆಯೇ ಹೊರತು ವ್ಯಕ್ತಿಗಳ ಬಗ್ಗೆ ಅಲ್ಲ ಎಂದು ಬೇಕರ್ ಹೇಳಿದರು. ಆದರೆ ಪಟ್ಟಿಯಿಂದ ಹೋದದ್ದು ಇಬ್ಬರು ಮನುಷ್ಯರ ಹೆಸರು, ಅವರಲ್ಲಿ ಶ್ಲೆಸಿಂಗರ್ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿಯ ಇಸ್ರೇಲ್ ಶಾಖೆಯ ಅಧ್ಯಕ್ಷೆಯಾಗಿದ್ದವರು. ಬೇಕರ್ ಅವರ ಪ್ಯಾಲೆಸ್ತೀನ್ ಕಾಳಜಿ ನಿಜವಾದದ್ದು ಎಂದು ನಾನು ನಂಬುತ್ತೇನೆ. ಆದರೆ ಮೊದಲು ತೀರ್ಮಾನ ಮಾಡಿ ನಂತರ ವಾದ ಕೇಳುವ ಈ ಕ್ರಮವನ್ನು ನಾನು ಒಪ್ಪುವುದಿಲ್ಲ.

ಬಹಿಷ್ಕಾರ ಎಂಬ ಶಬ್ದವೇ ಕನ್ನಡದವರಿಗೆ ಎರಡು ನೆನಪುಗಳನ್ನು ತರುತ್ತದೆ. ಒಂದು, ನಮ್ಮ ಅಜ್ಜಂದಿರು ವಿದೇಶಿ ಬಟ್ಟೆಗೆ ಬೆಂಕಿ ಇಟ್ಟದ್ದು. ಇನ್ನೊಂದು, ಊರಿನವರೆಲ್ಲ ಸೇರಿ ಒಂದು ಕೇರಿಗೆ ಕೂಲಿ ಕೊಡಬೇಡಿ, ಅಂಗಡಿಯಲ್ಲಿ ಸಾಮಾನು ಕೊಡಬೇಡಿ, ಹಿಟ್ಟು ಬೀಸಿಕೊಡಬೇಡಿ ಎಂದು ಕಟ್ಟು ಹಾಕುವುದು. ಅಂಬೇಡ್ಕರ್ 1927ರಲ್ಲಿ ಶುರುಮಾಡಿದ ಪತ್ರಿಕೆಗೆ ‘ಬಹಿಷ್ಕೃತ ಭಾರತ’ ಎಂದೇ ಹೆಸರಿಟ್ಟರು. ದಲಿತರ ಮೇಲೆ ಸಾಮಾಜಿಕ, ಆರ್ಥಿಕ ಬಹಿಷ್ಕಾರ ಹೇರುವುದು 2015ರ ತಿದ್ದುಪಡಿಯ ನಂತರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಮೊದಲನೆಯದು ಬಲವಿಲ್ಲದವರು ಬಲಶಾಲಿಗೆ ‘ನಿನ್ನ ಸಂಗಡ ಸೇರುವುದಿಲ್ಲ’ ಎನ್ನುವುದು, ಎರಡನೆಯದು ಬಲಶಾಲಿಗಳು ಬಡವನ ಉಸಿರು ಕಟ್ಟಿಸುವುದು. ಎರಡಕ್ಕೂ ಒಂದೇ ಹೆಸರು. ಒಂದು ವಿಶ್ವವಿದ್ಯಾಲಯದ ಬಹಿಷ್ಕಾರ ಈ ಎರಡರಲ್ಲಿ ಯಾವುದಕ್ಕೆ ಹತ್ತಿರ? ಆ ವಿಶ್ವವಿದ್ಯಾಲಯ ಸರಕಾರದ ಕೈಯೋ, ಸರಕಾರವನ್ನು ಪ್ರಶ್ನಿಸುವವರ ಆಸರೆಯೋ? ಪ್ರತಿ ಸಲವೂ ವಿವರಗಳನ್ನು ಬಿಡಿಸಿ ನೋಡಬೇಕು. ಅಷ್ಟು ವ್ಯವಧಾನ ಟಿವಿಯ ಹದಿನೈದು ನಿಮಿಷಕ್ಕೆ ಇಲ್ಲ.

ನನಗೆ ಎದುರಾಗುವ ಗಟ್ಟಿ ಆಕ್ಷೇಪ ಎಡದ ಗೆಳೆಯರಿಂದ ಬರುವುದು. “ವರ್ಣಭೇದ ಸರಿಯೋ ತಪ್ಪೋ ಅಂತ ಚರ್ಚೆಗೆ ಇಡ್ತೀರಾ?” ಇಲ್ಲ, ಇಡುವುದಿಲ್ಲ. ದಕ್ಷಿಣ ಆಫ್ರಿಕಾದ ವಿಷಯದಲ್ಲಿ ನಮ್ಮ ದೇಶ 1946ರಲ್ಲೇ ವ್ಯಾಪಾರ ನಿಲ್ಲಿಸಿತ್ತು. 1974ರಲ್ಲಿ ಡೇವಿಸ್ ಕಪ್ ಟೆನಿಸ್ ಫೈನಲ್ ತಲುಪಿದ್ದ ಭಾರತ ತಂಡ ದಕ್ಷಿಣ ಆಫ್ರಿಕಾದ ಎದುರು ಆಡದೆ ಕಪ್ಪನ್ನೇ ಬಿಟ್ಟುಕೊಟ್ಟಿತು. ಅದರ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ಅನ್ಯಾಯ ಅನ್ಯಾಯವೇ ಎಂದು ಒಪ್ಪಿದವರ ನಡುವೆಯೂ ದಾರಿಯ ಬಗ್ಗೆ ಜಗಳ ಉಳಿದೇ ಇರುತ್ತದೆ. 1965ರಲ್ಲಿ ಬ್ರಿಟನ್ನಿನ 34 ವಿಶ್ವವಿದ್ಯಾಲಯಗಳ 496 ಅಧ್ಯಾಪಕರು ದಕ್ಷಿಣ ಆಫ್ರಿಕಾದ ಜನಾಂಗಭೇದದ ವಿಶ್ವವಿದ್ಯಾಲಯಗಳಲ್ಲಿ ಕೆಲಸ ಒಪ್ಪುವುದಿಲ್ಲ ಎಂದು ಸಹಿ ಹಾಕಿದರು. 1986ರಲ್ಲಿ ಬ್ರಿಟನ್ನಿನ ಸೌತಾಂಪ್ಟನ್‌ನ ಪುರಾತತ್ವ ಸಮ್ಮೇಳನಕ್ಕೆ ದಕ್ಷಿಣ ಆಫ್ರಿಕಾದವರು ಬರಬಾರದು ಎಂದು ತೀರ್ಮಾನವಾದಾಗ, ವರ್ಣಭೇದವನ್ನು ಸ್ವತಃ ವಿರೋಧಿಸುತ್ತಿದ್ದ ಆ ದೇಶದ ಪುರಾತತ್ವಜ್ಞರೂ ಹೊರಗುಳಿದರು. ಅಂತಾರಾಷ್ಟ್ರೀಯ ಪುರಾತತ್ವ ಒಕ್ಕೂಟ ಸಮ್ಮೇಳನಕ್ಕೆ ಕೊಟ್ಟಿದ್ದ ಮಾನ್ಯತೆಯನ್ನೇ ಹಿಂತೆಗೆದುಕೊಂಡಿತು. ಚರ್ಚೆಯಾಗಬೇಕಾದದ್ದು ಈ ದಾರಿ, ಅದರ ಬೆಲೆ, ಆ ಬೆಲೆ ತೆರುವವರು ಯಾರು ಎಂಬುದು.

ಅಚ್ಚಾದ ಚರ್ಚೆಯ ಇನ್ನೊಂದು ಉಪಯೋಗ, ಮನಸ್ಸು ಬದಲಾದ ದಾರಿ ಕಾಣುತ್ತದೆ. ಅಮೆರಿಕದ ಪ್ರಾಧ್ಯಾಪಕರ ಸಂಘ, ಎಎಯುಪಿ, 2005ರಲ್ಲಿ ಶೈಕ್ಷಣಿಕ ಬಹಿಷ್ಕಾರವನ್ನು ವಿರೋಧಿಸಿತು. 2006ರಲ್ಲಿ ಇಟಲಿಯ ಬೆಲಾಜಿಯೋದಲ್ಲಿ ಅದರ ಬಗ್ಗೆಯೇ ಕರೆದ ಸಭೆ ಗದ್ದಲವಾಗಿ ರದ್ದಾಯಿತು. ಆಗ ಅಲ್ಲಿ ಮಂಡನೆಯಾಗಬೇಕಿದ್ದ ಪರ-ವಿರೋಧದ ಬರಹಗಳನ್ನು ಸಂಘ ತನ್ನ ‘ಅಕಾಡೀಮ್’ ಪತ್ರಿಕೆಯಲ್ಲಿ ಪ್ರಕಟಿಸಿತು. 2013ರಲ್ಲಿ ತನ್ನ ಇನ್ನೊಂದು ಜರ್ನಲ್‌ನಲ್ಲಿ ಮತ್ತೆ ಚರ್ಚೆ ನಡೆಸಿ ತನ್ನವರಿಂದಲೇ ಬೈಸಿಕೊಂಡಿತು. 2024ರ ಆಗಸ್ಟಿನಲ್ಲಿ ನಿಲುವು ಬದಲಿಸಿ, ಕೆಲವು ಸಂದರ್ಭಗಳಲ್ಲಿ ಇಂಥ ಬಹಿಷ್ಕಾರ ನ್ಯಾಯವಾದ ಮಾರ್ಗವಾಗಬಹುದು ಎಂದಿತು. ಆ ಹೊಸ ನಿಲುವನ್ನು ನೀವು ಒಪ್ಪದಿರಬಹುದು. ಆದರೆ ಪುಟ ತಿರುಗಿಸಿ ಹಿಂದಕ್ಕೆ ಹೋದರೆ, ಯಾರು ಯಾವ ವಾದ ಹೂಡಿದ್ದರು ಎಂದು ತಿಳಿಯುತ್ತದೆ.

ನಮ್ಮ ಜರ್ನಲ್‌ನಲ್ಲಿ ನಾವು ಇಟ್ಟುಕೊಂಡ ಕಟ್ಟುಪಾಡುಗಳು ಹೆಚ್ಚಿಲ್ಲ. ಚರ್ಚೆಯ ಬರಹವನ್ನು ಸಂಶೋಧನೆ ಎಂದು ಎಣಿಸುವುದಿಲ್ಲ. ಆದರೆ ಅದರಲ್ಲಿನ ಪ್ರತಿ ಇಸವಿ, ಪ್ರತಿ ಸಂಗತಿಯನ್ನು ಪರೀಕ್ಷಿಸುತ್ತೇವೆ. ಒಬ್ಬ ವ್ಯಕ್ತಿಯನ್ನು ಹೆಸರು ಹಿಡಿದು ಹೊರಹಾಕಿ ಎನ್ನುವ ಬರಹವನ್ನು ತೆಗೆದುಕೊಳ್ಳುವುದಿಲ್ಲ. ಚರ್ಚೆ ನಡೆಯುತ್ತಿರುವಷ್ಟು ಕಾಲ ಯಾವ ದೇಶದವರ ಪ್ರಬಂಧವನ್ನೂ ಆ ಕಾರಣಕ್ಕೆ ತಡೆಯುವುದಿಲ್ಲ. ವೀಸಾ, ನೌಕರಿಯ ಭಯವಿರುವ ಕಿರಿಯರು ಕೇಳಿಕೊಂಡರೆ ಹೆಸರಿಲ್ಲದೆ ಹಾಕುತ್ತೇವೆ. ಈ ಕೊನೆಯದರ ಬಗ್ಗೆ ಮಂಡಳಿಯಲ್ಲಿ ಎರಡು ಸಭೆ ಜಗಳವಾಡಿದೆವು, ನಾನು ಹುಡುಗರ ಪರ ನಿಂತೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾರನ್ನು ಬಹಿಷ್ಕರಿಸಬೇಕು ಎಂದು ಬರಹ ಹೇಳುತ್ತದೋ ಅವರಿಗೆ ಅದೇ ಸಂಚಿಕೆಯಲ್ಲಿ, ಅಷ್ಟೇ ಪುಟ.

ಮುಂದಿನ ಸಂಚಿಕೆಗೆ ಒಂದು ವಿಶ್ವವಿದ್ಯಾಲಯದ ಬಹಿಷ್ಕಾರಕ್ಕೆ ಪರವಾದ ಲೇಖನ ಬಂದಿದೆ, ವಿರೋಧದ್ದೂ ಬಂದಿದೆ. ಆ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವವರೊಬ್ಬರಿಗೆ ಬರೆಯಲು ಕೇಳಿದ್ದೇವೆ. ಬರೆಯುತ್ತೇನೆ, ಮೂರು ವಾರ ಕೊಡಿ ಎಂದಿದ್ದಾರೆ. ಮುದ್ರಕರಿಗೆ ಫೋನ್ ಮಾಡಿ ಸಂಚಿಕೆಯನ್ನು ಮೂರು ವಾರ ಮುಂದಕ್ಕೆ ಹಾಕಿಸಿದ್ದೇನೆ.